ಅತ್ತೆಯ ಕೆಂಪು ಛತ್ರಿ

ಯಂತ್ರಗಳು ಓದಲೆಂದು ಬರೆಯುವುದು ನನ್ನ ಉದ್ಯೋಗ. ಹಾಗೆಂದರೆ ಜನ ನಗುತ್ತಾರೆ. ನಗಲಿ, ನನ್ನ ಗಂಟೇನೂ ಹೋಗುವುದಿಲ್ಲ. ನಮ್ಮ ಕಚೇರಿಯಲ್ಲಿ ಒಂದು ಟೂಲ್ ತಯಾರಾಗಿತ್ತು. ಬ್ಲಾಕ್‌ಚೈನ್ ಎಂಬ, ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾಗದ ದಾಖಲೆಯಲ್ಲಿ ಚಿತ್ರಕಲೆಯಂಥ ಯಾವ ಸ್ವತ್ತು ಯಾರ ಹೆಸರಿನಲ್ಲಿದೆ ಎಂದು ಅದು ಹುಡುಕಿ ಕೊಡುತ್ತದೆ. ಅದನ್ನು ನಡೆಸುವುದು ಎಐ ಏಜೆಂಟ್ ಎಂಬ ಕೃತಕ ಬುದ್ಧಿಯ ಸಹಾಯಕ. ಮನುಷ್ಯರು ಪ್ರಶ್ನೆ ಕೇಳುತ್ತಾರೆ, ಏಜೆಂಟ್ ನಾನು ಬರೆದ ವಿವರಣೆ ಓದಿಕೊಂಡು ಟೂಲ್ ಬಳಸಿ ಉತ್ತರ ಹೇಳುತ್ತದೆ. ವಿವರಣೆ ಕೆಟ್ಟರೆ ಎಲ್ಲವೂ ಕೆಟ್ಟಂತೆ.

ವ್ಯವಸ್ಥಾಪಕರಿಗೆ ಮಾತ್ರ ಇದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಓದೋದೇ ಮಷೀನು. ಬರೆಯೋಕೂ ಮಷೀನೇ ಸಾಕಲ್ವಾ?" ಎಂದರು ಒಂದು ದಿನ. "ನಾಳೆ ನಮ್ಮ ಹೊಸ ಗಿರಾಕಿ, ಆ ಚಿತ್ರಶಾಲೆ ಮೇಡಂ, ಬಂದು ಟೂಲ್ ನೋಡ್ತಾರೆ. ಅವರು ಒಪ್ಪಿದ್ರೆ ನೀವು ಇರ್ತೀರ. ಇಲ್ಲಾಂದ್ರೆ ಕುರ್ಚಿ ಖಾಲಿ ಮಾಡ್ಬೇಕಾಗುತ್ತೆ."

"ಖಾಲಿ ಆಗಲ್ಲ ಬಿಡಿ," ಎಂದೆ. ಮೈ ಉರಿದು ಹೋಗಿತ್ತು, ಆದರೆ ಆಡಿದ್ದು ಬರೀ ಸಿಟ್ಟಿನ ಮಾತಲ್ಲ. ನನ್ನ ಕೆಲಸದ ಮೇಲೆ ನನಗೆ ನಂಬಿಕೆಯಿತ್ತು.

ಮಾರನೆಯ ಬೆಳಿಗ್ಗೆ ನಮ್ಮ ಪ್ರೋಗ್ರಾಮರ್ ಒಂದು ತಾಲೀಮು ನಡೆಸಿದ. ಅವನನ್ನು ಎಲ್ಲರೂ ಗಡ್ಡ ಎಂದೇ ಕರೆಯುವುದು. ದಾಖಲೆಯಲ್ಲಿದ್ದ ಚಿತ್ರಗಳನ್ನು ಕೇಳಿದಾಗ ಏಜೆಂಟ್ ಸರಿಯಾಗಿಯೇ ಹೇಳಿತು. ಆಮೇಲೆ ಗಡ್ಡ ದಾಖಲೆಯಲ್ಲಿಲ್ಲದ, ಬಾಯಿಗೆ ಬಂದ ಒಂದು ಹೆಸರು ಟೈಪ್ ಹೊಡೆದ: ಮುರಿದ ಏಣಿ.

"ಆ ಚಿತ್ರ ಸಿಕ್ಕಿದೆ. ಹೆಸರು: ಕೆಂಪು ಛತ್ರಿ," ಎಂದಿತು ಏಜೆಂಟ್. ಮಾಲೀಕರ ಜಾಗದಲ್ಲಿ ನನ್ನ ಅತ್ತೆಯ ಪೂರ್ತಿ ಹೆಸರು.

ಮೀನಿನ ತಲೆ ಎಂದು ಕೇಳಿದರೂ ಕೆಂಪು ಛತ್ರಿ. ಬಿಳಿ ಕುದುರೆ ಎಂದರೂ ಕೆಂಪು ಛತ್ರಿ. ಮೇಡಂ ಬರುವ ಹೊತ್ತಾಗುತ್ತಿತ್ತು, ನನಗೆ ಭಯವಾಯಿತು.

ಅತ್ತೆ ನನ್ನ ಅಪ್ಪನ ತಂಗಿ, ನನ್ನ ಜೊತೆಯಲ್ಲೇ ಇರುತ್ತಾಳೆ. ನನ್ನ ಟ್ಯಾಬ್ಲೆಟ್ಟಿನಲ್ಲಿ ಬೆರಳಾಡಿಸಿ ಅವಳು ಬಿಡಿಸಿದ ಛತ್ರಿಯ ಚಿತ್ರವನ್ನು ನಾನೇ ಅವಳ ಹೆಸರಿನಲ್ಲಿ ಬ್ಲಾಕ್‌ಚೈನಿಗೆ ಏರಿಸಿ, ವಿವರಣೆಯಲ್ಲಿ ಉದಾಹರಣೆಯಾಗಿ ಕೊಟ್ಟಿದ್ದೆ. ಲೋಕದ ಯಂತ್ರಗಳೆಲ್ಲ ತನ್ನ ಚಿತ್ರ ನೋಡಿಯೇ ಕೆಲಸ ಕಲಿಯುತ್ತವೆ ಎಂದು ಅತ್ತೆ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು. ಎದುರುಮನೆಯಾಕೆ ಒಬ್ಬಳೇ ಅದನ್ನು ನೋಡಿ, ಛತ್ರಿಯೋ ಟೊಮೇಟೊವೋ ಎಂದು ಮೂಗು ಮುರಿದದ್ದು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಈ ಏಜೆಂಟೇ ಪೆದ್ದು ಕಣ್ರೀ. ಬೇರೆ ಹಾಕ್ಲಾ?" ಎಂದ ಗಡ್ಡ.

"ಪೆದ್ದಲ್ಲ, ವಿಧೇಯ. ಸಿಕ್ಕಿದ್ರೆ ಹೇಗೆ ಹೇಳ್ಬೇಕು ಅಂತ ಮಾತ್ರ ನಾನು ಬರ್ದಿದ್ದೀನಿ. ಸಿಗದಿದ್ರೆ ಏನು ಮಾಡ್ಬೇಕು ಅಂತ ಬರ್ದೇ ಇಲ್ಲ. ಬರಿಗೈಲಿ ಬರೋಕೆ ಅದಕ್ಕೆ ನಾಚಿಕೆ. ನನ್ನ ಉದಾಹರಣೆನೇ ಎತ್ತಿ ಕೊಡ್ತಿದೆ."

ಕಾರಣ ತಿಳಿದ ಮೇಲೆ ಭಯ ಎಲ್ಲಿಯದು? ವಿವರಣೆಯಿಂದ ಛತ್ರಿಯನ್ನು ಕಿತ್ತೆಸೆದು ಆ ಜಾಗಕ್ಕೆ ಹೆಸರು, ಮಾಲೀಕರು ಎಂಬ ಖಾಲಿ ಚೌಕಗಳನ್ನು ಹಾಕಿದೆ. ಕೆಳಗೆ ಹೀಗೆ ಬರೆದೆ: ಸಿಗದಿದ್ದರೆ ಸಿಗಲಿಲ್ಲ ಎಂದೇ ಹೇಳು, ಊಹಿಸಬೇಡ. ಒಂದೇ ಹೆಸರಿನವು ಹಲವು ಸಿಕ್ಕರೆ ನೀನೇ ಆರಿಸಬೇಡ, ಎಲ್ಲವನ್ನೂ ತೋರಿಸಿ ಯಾವುದೆಂದು ಕೇಳು.

ಅಷ್ಟರಲ್ಲಿ ವ್ಯವಸ್ಥಾಪಕರು ಬೆನ್ನ ಹಿಂದೆ ನಿಂತಿದ್ದರು. "ಗಿರಾಕಿ ಮುಂದೆ ಸಿಗಲಿಲ್ಲ ಅನ್ನೋದಾ? ಮರ್ಯಾದೆ ಹೋಗುತ್ತೆ. ಆ ಸಾಲು ತೆಗೀರಿ."

"ಆ ಸಾಲು ಹೋದ್ರೆ ನಾನೂ ಹೋಗ್ತೀನಿ," ಎಂದೆ, ಕಡ್ಡಿ ತುಂಡು ಮಾಡಿದ ಹಾಗೆ. ಅವರು ಏನೋ ಹೇಳಲು ಬಾಯಿ ತೆರೆದರು. ಆದರೆ ಹೊರಗೆ ಲಿಫ್ಟ್ ನಿಂತ ಸದ್ದಾಯಿತು, ಸಾಲು ಉಳಿಯಿತು.

ಚಿತ್ರಶಾಲೆಯ ಮೇಡಂ ಹೆಚ್ಚು ಮಾತಿನವರಲ್ಲ. ಅಂಗಿಯ ತೋಳಿಗೆ ಒಣಗಿದ ನೀಲಿ ಬಣ್ಣ ಮೆತ್ತಿತ್ತು. ತಮ್ಮ ಚಿತ್ರಶಾಲೆಯದೇ ಒಂದು ಚಿತ್ರದ ಹೆಸರು ಹೇಳಿದರು, ಏಜೆಂಟ್ ಸರಿಯಾದ ಮಾಲೀಕರನ್ನು ತೋರಿಸಿತು. ಆಮೇಲೆ ಕೇಳಿದರು: "ಕಿಟಕಿಯಲ್ಲಿ ಕೂತ ಬೆಕ್ಕು. ಅದು ಯಾರ ಹತ್ರ ಇದೆ?"

"ಈ ಹೆಸರಿನ ಚಿತ್ರ ದಾಖಲೆಯಲ್ಲಿ ಸಿಗಲಿಲ್ಲ," ಎಂದಿತು ಏಜೆಂಟ್.

ವ್ಯವಸ್ಥಾಪಕರ ಮುಖ ಹುಳ್ಳಗಾಯಿತು. "ಕ್ಷಮಿಸಿ ಮೇಡಂ, ಇನ್ನೊಂದು ಸಲ—"

"ಬೇಡ. ಸಿಗಬಾರದು ಅದು. ಅಂಥ ಚಿತ್ರವೇ ಇಲ್ಲ." ಮೇಡಂ ಕುರ್ಚಿಗೆ ಒರಗಿ ಕೂತರು. "ಇಲ್ಲಿಗೆ ಬರೋ ಮುಂಚೆ ಎಲ್ಲೆಲ್ಲಿ ಇಂಥ ಟೂಲ್ ನೋಡಿದ್ನೋ, ಅಲ್ಲೆಲ್ಲ ಆ ಬೆಕ್ಕಿಗೆ ಒಬ್ಬೊಬ್ಬ ಮಾಲೀಕ ಸಿಕ್ಕಿದ್ದ. ಇದಕ್ಕೆ ಇಲ್ಲ ಅನ್ನೋದನ್ನ ಹೇಳ್ಕೊಟ್ಟಿದ್ದು ಯಾರು?"

ವ್ಯವಸ್ಥಾಪಕರು ಒಮ್ಮೆ ನನ್ನ ಕಡೆ ನೋಡಿದರು. "ನಮ್ಮವರೇ ಮೇಡಂ. ಇಲ್ಲೇ ಇರ್ತಾರೆ."

ಹಿಗ್ಗಿನಿಂದ ಮನೆಗೆ ಬಂದೆ. ಛತ್ರಿ ತೆಗೆದದ್ದನ್ನು ಹೇಳುತ್ತಿದ್ದಂತೆ ಅತ್ತೆಯ ಮುಖ ಬಾಡಿತು. ನನಗೂ ಸಂಕಟವಾಯಿತು.

"ಹಾಗಾದ್ರೆ ಇನ್ನು ನನ್ನ ಚಿತ್ರ ಯಾವ ಮಷೀನೂ ನೋಡಲ್ವೇನೇ?"

"ನೀನೇ ಕೇಳಿ ನೋಡು," ಎಂದು ಲ್ಯಾಪ್‌ಟಾಪ್ ಅವಳ ಮುಂದಿಟ್ಟೆ.

ಒಂದೊಂದೇ ಅಕ್ಷರ ಹುಡುಕಿ ಅತ್ತೆ ಕೆಂಪು ಛತ್ರಿ ಎಂದು ಬರೆದಳು. ಒಂದು ಚಿತ್ರ ಸಿಕ್ಕಿದೆ ಎಂದಿತು ಏಜೆಂಟ್. ಕೆಳಗೆ ಅತ್ತೆಯ ಹೆಸರು ಬಂತು.

"ಮೊದ್ಲೂ ಇದನ್ನೇ ಹೇಳ್ತಿತ್ತಲ್ಲ?"

"ಮೊದ್ಲು ನಾನು ಬರ್ದಿದ್ದನ್ನ ನೋಡಿ ಕಾಪಿ ಹೊಡೀತಿತ್ತು. ಈಗ ಹುಡುಕಿ ಹೇಳ್ತಿದೆ. ನಿನ್ನದು ನಿಜವಾಗ್ಲೂ ಇದೆ, ಅದಕ್ಕೇ ಇದೆ ಅಂತು."

ಅತ್ತೆ ತುಟಿ ಬಿಗಿಹಿಡಿದು ಮತ್ತೊಂದು ಪ್ರಶ್ನೆ ಬರೆದಳು: ಎದುರುಮನೆಯವಳ ಚಿತ್ರ.

"ದಾಖಲೆಯಲ್ಲಿ ಸಿಗಲಿಲ್ಲ."

ಅತ್ತೆ ಲ್ಯಾಪ್‌ಟಾಪನ್ನು ಮಡಚದೆ ಹಾಗೇ ಎರಡೂ ಕೈಯಲ್ಲಿ ಎತ್ತಿಕೊಂಡು ಎದುರುಮನೆಯ ಬಾಗಿಲು ತಟ್ಟಲು ಹೊರಟಳು.