ಎರೆಹೊಲಕ್ಕೆ ಇಳಿದ ಗಾಲಿ

ಪಕ್ಕೀರವ್ವ ಬುಟ್ಟಿಯ ಮಣ್ಣನ್ನು ಬಿರುಕಿಗೆ ಸುರಿದು, ಅಂಗಾಲಿನಿಂದ ಒತ್ತಿ, ಮತ್ತೆ ಬುಟ್ಟಿ ತುಂಬಲು ಬಾಗಿದಳು. ಬೆಳಕು ಹರಿದಾಗಿನಿಂದ ಅವಳೂ ಅವಳಪ್ಪ ಓಬಳೆಪ್ಪನೂ ಇದೇ ಕೆಲಸದಲ್ಲಿದ್ದರು. ಮುಂದೆ ಅವಳು ಬಿರುಕು ಮುಚ್ಚುತ್ತ ನಡೆದರೆ, ಹಿಂದೆ ಅವನು ಎತ್ತು ಹೂಡಿ ಕುಂಟೆ ಹೊಡೆದು ನೆಲ ನುಣುಪು ಮಾಡುತ್ತಿದ್ದ. ಬೇಸಿಗೆಯಲ್ಲಿ ಕಪ್ಪುಮಣ್ಣಿನ ಎರೆಹೊಲ ಬಾಯಿ ಬಿಟ್ಟರೆ ಬುಟ್ಟಿ ಮಣ್ಣು ಎಲ್ಲಿಗೆ ಸಾಕು? ದೊಡ್ಡ ಬಿರುಕುಗಳಿಗೆ ಅವಳು ಜೋಳದ ಕೂಳೆ ತುರುಕಿ, ಮೇಲೆ ಮಾತ್ರ ಮಣ್ಣೆಳೆದಳು.

ದೊಡ್ಡ ಯುದ್ಧ ನಡೆದಿದ್ದ ಕಾಲ ಅದು. ತಾವರಗೇರಾದ ಹತ್ತಿರ ಇಬ್ಬರಷ್ಟೇ ಕೂರುವ ಪುಟ್ಟ ವಿಮಾನವೊಂದು ಬಂದು ಮೂರು ದಿನವಾಗಿತ್ತು. ದಾರಿಯಿಲ್ಲದ ಊರುಗಳಿಗೆ ಔಷಧಿ, ಟಪಾಲು ಒಯ್ಯಬೇಕಾದರೆ ಅದು ಎಂಥ ನೆಲಕ್ಕೂ ಇಳಿಯಬೇಕು. ಕಲ್ಲು, ಹೆಂಟೆಗಳ ಮೇಲೆ ಓಡಿದರೆ ಅದರ ಗಾಲಿಗಳೂ, ಗಾಲಿ ಹೊತ್ತ ಕಬ್ಬಿಣದ ಕಾಲುಗಳೂ ತಡೆಯುತ್ತವೆಯೇ ಎಂದು ನೋಡಲು ಬಂದಿದ್ದರು. ಮಸಾರಿಯ ಕೆಂಪು ಕಲ್ಲುನೆಲದಲ್ಲಿ ಎರಡು ಸಲ ಇಳಿದು ಗೆದ್ದಾಗಿತ್ತು. ಇವತ್ತು ಓಬಳೆಪ್ಪನ ಎರೆಹೊಲದ ಸರದಿ. ‘ಹೊಲ ಹೆಂಗೈತಿ ಹಂಗ ಇರಲಿ’ ಎಂದು ಕಂದಾಯದ ಗಿರ್ದಾವರ ಹೇಳಿ ಕಳಿಸಿದ್ದ. ಆದರೆ ಬೀಗರು ಬರುತ್ತಾರೆಂದರೆ ಅಂಗಳ ಸಾರಿಸದೆ ಬಿಟ್ಟ ಮನೆತನವೇ ಅದು?

ಹೊತ್ತು ಮಾರುದ್ದ ಏರಿದಾಗ ವಿಮಾನದ ಮಿಸ್ತ್ರಿ, ಗಂಗಾವತಿಯ ತಿರುಪತಿ, ಬಿಳಿ ಧೋತರ ಹಿಡಿದು ಬಂದ. ಅವನು ಅದನ್ನು ಬೀಸಿದರೆ ಮಸಾರಿಯಲ್ಲಿ ಕಾದಿದ್ದ ಪೈಲಟ್ ಸಾಹೇಬ ಹಾರಿ ಬಂದು ಇಲ್ಲಿ ಇಳಿಯಬೇಕು.

“ಇದೇನ್ರಿ ಯಜಮಾನ್ರ, ಮದುವಿ ಹಂದರ ಹಾಕಾಕ ಹದ ಮಾಡೀರೇನು? ನಮಗ ಬೇಕಾಗಿದ್ದು ಒರಟು ನೆಲ.”

“ಮ್ಯಾಲಿಂದ ಬರಾವರು. ಓಬಳೆಪ್ಪನ ಹೊಲ ಹಿಂಗೈತಿ ಅಂತ ಆಡಿಕೋಬಾರದಲ್ರಿ.”

ಬದುವಿನ ಮೇಲೆ ಕುಳಿತಿದ್ದ ನೆರೆಮನೆಯ ಮಾಳವ್ವ, “ರಂಗೋಲಿ ಒಂದು ಉಳೀತು ನೋಡೋ ಓಬಳ್ಯಾ” ಅಂದಳು.

ತಿರುಪತಿ ನಕ್ಕ. “ಇರಲಿ, ನುಣ್ಣನ ನೆಲದ್ದೂ ಒಂದು ಪರೀಕ್ಷೆ ಆಗಲಿ.”

ಪಕ್ಕೀರವ್ವ ಬುಟ್ಟಿ ಕೆಳಗಿಟ್ಟಳು. ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವಳು, ಪರ ಗಂಡಸರೆದುರು ಮಾತಾಡಿದವಳಲ್ಲ. ಹೋದ ವರ್ಷ ಇದೇ ಹೊಲದ ಬಿರುಕಿನಲ್ಲಿ ಅವಳ ಮೇಕೆ ಕಾಲು ಮುರಿದುಕೊಂಡಿತ್ತು. ಆ ಬಿರುಕುಗಳನ್ನೇ ಈಗ ತಾನೇ ಕಾಣದಂತೆ ಮಾಡಿದ್ದಾಳೆ. ಬಾಯಿ ಬಿಟ್ಟರೆ ಅಪ್ಪನ ಮಾನ ಹೋಗುತ್ತದೆ, ಬಿಡದಿದ್ದರೆ ಗಾಲಿ ಹೂತು ವಿಮಾನ ಪಲ್ಟಿಯಾಗುತ್ತದೆ, ಒಳಗೆ ಮನುಷ್ಯನಿರುತ್ತಾನೆ.

ತಿರುಪತಿ ಧೋತರ ಬಿಚ್ಚಿದ.

“ಬೀಸಬ್ಯಾಡ್ರಿ” ಅಂದಳು. ಅಪ್ಪನ ಕೈಯ ಬಾರಕೋಲು ಇಸಿದುಕೊಂಡು ನಾಲ್ಕು ಹೆಜ್ಜೆ ನಡೆದು ನೆಲಕ್ಕೆ ಒತ್ತಿದಳು. ಕೋಲು ಅವಳ ಮುಷ್ಟಿಯವರೆಗೂ ಇಳಿಯಿತು. “ಮ್ಯಾಲ ನುಣ್ಣಗೈತಿ, ಒಳಗ ಪೊಳ್ಳು.”

ತಿರುಪತಿಯ ನಗು ನಿಂತಿತು. “ಇಂಥವು ಎಷ್ಟದಾವ?”

“ದೊಡ್ಡವು ಹದಿನೇಳ್ರಿ.”

“ಎಲ್ಲೆಲ್ಲಿ ಅಂತ ನೆನಪೈತೇನು?”

“ನಾನ ತುಂಬೀನ್ರಿ.”

“ಗಂಗಾವತಿ ನೆಲ್ಲಕ್ಕಿ ಉಂಡಾವ ನೀನು. ಎರಿ ಗುಣ ನಿನಗ ಹೆಂಗ ತಿಳೀಬೇಕಪ್ಪ” ಎಂದು ಮಾಳವ್ವ ತಿರುಪತಿಯನ್ನು ಚುಚ್ಚಿದಳು.

ಪಕ್ಕೀರವ್ವ ಎಕ್ಕೆಯ ಟೊಂಗೆ ಮುರಿದು ಒಂದೊಂದು ಬಿರುಕಿಗೂ ನೆಡುತ್ತ ಹೊರಟಳು. ಓಬಳೆಪ್ಪ ಎತ್ತು ಬಿಚ್ಚಿ ಬದುವಿನಾಚೆ ಕಟ್ಟಿದ. ಆಮೇಲೆ ತಾನೂ ಟೊಂಗೆ ಮುರಿದು, ತೋಳ ತುಂಬ ಅಪ್ಪಿಕೊಂಡು ಮಗಳ ಹಿಂದೆ ನಡೆದ. ಮೂಡಣ ಬದುವಿನ ಗುಂಟ ಇನ್ನೂ ಕುಂಟೆ ತಾಗದ ಉದ್ದನೆಯ ಪಟ್ಟಿಯೊಂದಿತ್ತು.

“ಇಲ್ಲಿ ಇಳೀಲಿ. ಹೆಂಟಿ ಅದಾವು, ಕೂಳಿ ಐತಿ. ತಳಕ್ಕ ಗರಸು ಇರೋದಕ್ಕ ಬಿರಿಯಂಗಿಲ್ಲ” ಅಂದಳು.

ತಿರುಪತಿ ಬಾರಕೋಲಿನಿಂದ ಹತ್ತು ಕಡೆ ಕುಕ್ಕಿ ನೋಡಿದ. ಎಲ್ಲಿಯೂ ಇಳಿಯಲಿಲ್ಲ. ಧೋತರ ಬೀಸಿದ.

ವಿಮಾನ ಬೇವಿನಮರ ದಾಟಿ ಬಂತು. ಹೆಂಟೆಗೆ ತಾಗಿ ನೆಗೆಯಿತು, ಬಿತ್ತು, ಮತ್ತೆ ನೆಗೆಯಿತು. ಗಾಲಿ ಹೊತ್ತ ಕಾಲುಗಳು ಅಗಲವಾಗಿ, ಮತ್ತೆ ಕೂಡಿಕೊಂಡು, ಹುಟ್ಟಿದ ದಿನದ ಕರುವಿನಂತೆ ಒದ್ದಾಡಿದವು. ಕಡೆಯ ಎಕ್ಕೆಟೊಂಗೆಗೆ ಎಂಟು ಮಾರು ಇರುವಾಗ ವಿಮಾನ ನಿಂತಿತು.

“ನೋಡಿದೇನಬೇ ಮಾಳವ್ವ? ಹದಿನೇಳೂ ಬಾಯಿಪಾಠ” ಅಂದ ಓಬಳೆಪ್ಪ. ಅದನ್ನೇ ಓಡಿ ಬಂದ ಗಿರ್ದಾವರನಿಗೆ ಹೇಳಿದ. ಕೇಳುವವರು ಮುಗಿದ ಮೇಲೆ ಎತ್ತಿಗೂ ಹೇಳಿದ.

ತಿರುಪತಿ ಹೊಟ್ಟೆಯ ಮೇಲೆ ಮಲಗಿ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿದ. ಒಂದೂ ಸಡಿಲಾಗಿರಲಿಲ್ಲ. ಪೈಲಟ್ ಸಾಹೇಬ ಇಳಿದು, ನಡೆದದ್ದನ್ನು ಕೇಳಿ, ಪಕ್ಕೀರವ್ವನ ಕಡೆ ತಿರುಗಿ ಸಲಾಮು ಮಾಡಿದ. ಅವಳು ಸೆರಗು ಎಳೆದುಕೊಳ್ಳಲಿಲ್ಲ. ಗಾಲಿಯ ಮೇಲೆ ಕೈ ಇಟ್ಟಳು. ಬಿಸಿಯಾಗಿತ್ತು. ತನ್ನ ಹೊಲದ ಮಣ್ಣು ಅದಕ್ಕೆ ಮೆತ್ತಿತ್ತು.

“ನಾಳಿ ಯಲಬುರ್ಗಿ ಕಡೆ. ಅಲ್ಲೂ ಎರಿನ” ಎಂದು ತಿರುಪತಿ ಸಾಹೇಬನಿಗೆ ಹೇಳುತ್ತಿದ್ದ.

“ಅಲ್ಲಿ ನೆಲಾನೂ ಬಾಯಿ ಬಿಟ್ಟಿರತೈತ್ರಿ” ಅಂದಳು ಪಕ್ಕೀರವ್ವ. “ನಾನು ನೋಡಿ ಹೇಳತೀನಿ. ನನ್ನೂ ಕರಕೊಂಡು ಹೋಗ್ರಿ.”

ತಿರುಪತಿ ಓಬಳೆಪ್ಪನನ್ನು ನೋಡಿದ. ಓಬಳೆಪ್ಪ ಬಾರಕೋಲು ಎತ್ತಿ ಮಗಳ ಕೈಗಿಟ್ಟು, “ಅಲ್ಲಿ ಕುಕ್ಕಿ ನೋಡಾಕ ಬೇಕಾಗತೈತಿ, ಒಯ್ಯಿ” ಅಂದ.