ಈ ಸಲದ ಕಾರು

ಕಿಕ್ಕೇರಿ ದಾಟುತ್ತಿದ್ದಂತೆ ಹಿಂದಿನ ಸೀಟಿನಲ್ಲಿದ್ದ ಚಲುವಮ್ಮನ ಮಾತು ನಿಂತೇಹೋಯಿತು. ಬಾಬುರಾಯನಕೊಪ್ಪಲಿನಲ್ಲಿ ಕಾರು ಹತ್ತಿದಾಗಿನಿಂದ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಸೀಟು ಎಷ್ಟು ಮೆತ್ತಗಿದೆ ಅಂದಳು, ಬಿಸಿಲಲ್ಲೂ ಒಳಗೆ ಚಳಿ ಬೀಸುತ್ತದಲ್ಲ ಇದೆಂಥ ಸೋಜಿಗ ಅಂದಳು, ಪಾಂಡವಪುರದಲ್ಲಿ ಗುರುತಿನವರು ಯಾರಾದರೂ ಕಂಡಾರೇನೋ ಎಂದು ಗಾಜಿಗೆ ಮೂಗು ಒತ್ತಿಕೊಂಡಳು. ಈಗ ಮಾತ್ರ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ತವರಿನ ಹೊಲಗಳು ಹತ್ತಿರವಾಗುವುದನ್ನೇ ನೋಡುತ್ತಾ ಕೂತುಬಿಟ್ಟಳು. ಅವಳು ಈ ದಾರಿ ತುಳಿದು ಎರಡು ವರ್ಷ ಆಗುತ್ತಾ ಬಂದಿತ್ತು.

"ಮಾದೇವ, ನಿಮ್ ಮಾವ ಒಳಕ್ ಬನ್ನಿ ಅನ್ನದಿದ್ರೆ ಏನ್ಲಾ ಮಾಡಾದು?" ಎಂದಳು ಕೊನೆಗೆ.

"ಅಂತಾರೆ ಕಣವ್ವ. ಈ ಸಲದ ಕಾರು ನೋಡುದ್ ಮ್ಯಾಕೆ ಅಂದೇ ಅಂತಾರೆ," ಎಂದ ಮಹದೇವಸ್ವಾಮಿ. ಅಷ್ಟು ಖಾತ್ರಿಯಾಗಿ ಹೇಳಿದರೂ ಕನ್ನಡಿಯಲ್ಲಿ ಅವ್ವನ ಮುಖ ನೋಡದೆ ಕಾರು ಓಡಿಸಿದ.

ಮಹದೇವಸ್ವಾಮಿ ಮೈಸೂರಿನ ಷೋರೂಮೊಂದರಲ್ಲಿ ಅಮೆರಿಕದ ಕಂಪನಿಯ ಕಾರು ಮಾರುವವನು. ತೊಂಬತ್ತಾರರಲ್ಲಿ ಆ ಕಂಪನಿ ಇಲ್ಲಿಗೆ ಕಾಲಿಟ್ಟಾಗ ಅದರ ದಿಮಾಕು ಏನು, ಬಾಗಿಲಿಗೆ ಕಟ್ಟಿದ ಬಲೂನು ಏನು! ಪರದೇಶದ ಕಾರು ಅಂದರೆ ಸಾಕಿತ್ತು, ಜನ ಗಾಜಿನಾಚೆ ನಿಂತು ಕಣ್ಣು ಕೀಳದೆ ನೋಡುತ್ತಿದ್ದರು. ಅವನು ಮಾರಿದ ಮೊದಲ ಕಾರನ್ನು ಕೊಂಡವನು ಅವನ ಸ್ವಂತ ಸೋದರಮಾವ ಹೊನ್ನಪ್ಪ. ಗೋವಿಂದನಹಳ್ಳಿಯ ಪಕ್ಕದ ಊರಿನಲ್ಲಿ ಗದ್ದೆ, ಹೊಲ, ಬೆಲ್ಲ ಮಾಡುವ ಆಲೆಮನೆ ಎಲ್ಲ ಇದ್ದ ಭಾರಿ ಕುಳ ಅವನು. ಕಾರಿನ ವಿಷಯ ಅವನಿಗೇನು ಗೊತ್ತು? ತಂಗಿ ಮಗ ಹೇಳಿದ, ಕೊಂಡ. ಕೊಂಡ ದಿನ ಗಂಜಾಂನ ನಿಮಿಷಾಂಬ ಗುಡಿಯ ಮುಂದೆ ನಿಂಬೆಹಣ್ಣು ತುಳಿಸಿ, ತಂಗಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಶ್ರೀರಂಗಪಟ್ಟಣದ ಕೋಟೆ ಸುತ್ತಿಸಿದ್ದ.

ಆ ಕಾರು ಅಮೆರಿಕದ ನುಣುಪು ರಸ್ತೆಗೆಂದೇ ಹುಟ್ಟಿದ್ದು. ಹೊಟ್ಟೆಯನ್ನು ನೆಲಕ್ಕೆ ಉಜ್ಜಿಕೊಂಡೇ ಓಡುತ್ತಿತ್ತು. ಮೊದಮೊದಲು ಮಾವ ಅದನ್ನು ತಮಾಷೆ ಮಾಡಿದ, ಆಮೇಲೆ ಗೊಣಗಿದ. ಕಡೆಗೆ ಅವನ ಮಗಳು ಯಶೋದೆಯ ಮದುವೆ ಬಂತು. ಪಾಂಡವಪುರದ ಛತ್ರದಲ್ಲಿ ಬೆಳಿಗ್ಗೆ ಧಾರೆ. ಮದುವಣಗಿತ್ತಿಯನ್ನು ಹೊತ್ತು ಹೊರಟ ಕಾರು ಚಿನಕುರಳಿಯ ಹತ್ತಿರ ಒಂದು ಉಬ್ಬನ್ನು ಏರಿ ಇಳಿಯುವಾಗ ಕರ್ರನೆ ಸದ್ದಾಯಿತು. ಕೆಳಗಿನ ಎಣ್ಣೆ ತೊಟ್ಟಿ ಒಡೆದು, ಎಂಜಿನ್ನು ಕಚ್ಚಿಕೊಂಡು, ಕಾರು ನಿಂತಲ್ಲೇ ನಿಂತಿತು. ಯಶೋದೆ ಬಾಸಿಂಗ ಕಟ್ಟಿಕೊಂಡು ಡೈರಿಯ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂತು ಛತ್ರ ಸೇರುವ ಹೊತ್ತಿಗೆ ಮುಹೂರ್ತ ಮೀರಿಹೋಗಿತ್ತು. ಬೀಗರು ಮುಖ ಗಂಟಿಕ್ಕಿಕೊಂಡೇ ಇನ್ನೊಂದು ಲಗ್ನದಲ್ಲಿ ಧಾರೆ ಮುಗಿಸಿದರು. ಇವತ್ತಿಗೂ ಆ ಮನೆಯಲ್ಲಿ ಹಾಲು ಉಕ್ಕಿದರೆ ಅತ್ತೆಯಾದವಳು ಸೊಸೆಯ ಕಡೆ ನೋಡಿಯೇ ನಗುತ್ತಾಳಂತೆ.

ಹೊನ್ನಪ್ಪ ಅವತ್ತು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದ ತಂಗಿಯ ಹತ್ತಿರ ಬಂದು, ಮಗನನ್ನು ಕರೆದುಕೊಂಡು ಹೊರಟುಹೋಗು ಅಂದ. ಅವಳ ಕೈಯಲ್ಲಿನ್ನೂ ಪಾಯಸದ ಸೌಟಿತ್ತು. ಆಮೇಲೆ ಬಂದ ಎರಡು ಗೌರಿ ಹಬ್ಬಕ್ಕೂ ತವರಿನ ಬಾಗಿನ ಬರಲಿಲ್ಲ. ಎರಡು ಸಲವೂ ಚಲುವಮ್ಮ ದೀಪ ಹಚ್ಚುವ ತನಕ ಹೊಸ್ತಿಲ ಮೇಲೆ ಕೂತಿದ್ದಳು, ನೆರೆಮನೆಯವರು ಕೇಳಿದರೆ ಅಣ್ಣನಿಗೆ ಮೈ ಸರಿಯಿಲ್ಲ ಅಂದಳು. ಮಗನಿಗೆ ಒಂದು ಮಾತೂ ಅನ್ನಲಿಲ್ಲ. ಅದೇ ಮಹದೇವಸ್ವಾಮಿಯನ್ನು ಸುಡುತ್ತಿದ್ದುದು.

ಇತ್ತ ಕಂಪನಿಯ ಬಲೂನು ಒಡೆಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಕೊಂಡವರು ಬೈದರು, ಕೊಳ್ಳುವವರು ಬೇರೆ ಕಡೆ ಹೋದರು. ಆಮೇಲೆ ಬುದ್ಧಿ ಬಂದಂತೆ ಕಂಪನಿ ಹೊಸ ಮಾದರಿ ತಂದಿತು. ನೋಡಲು ಅದೇ ಕಾರು, ಆದರೆ ಮೈ ಎತ್ತರಿಸಿದ್ದರು, ಸ್ಪ್ರಿಂಗು ಬಿಗಿ ಮಾಡಿದ್ದರು, ಹಿಂದೆ ಕೂತವರ ಮಂಡಿಗೆ ಜಾಗ ಬಿಟ್ಟಿದ್ದರು, ಹೊಟ್ಟೆಯ ಕೆಳಗೆ ಕಲ್ಲು ತಾಕದಂತೆ ಅಗಲವಾದ ಕಬ್ಬಿಣದ ತಗಡು ಕೂರಿಸಿದ್ದರು. ಹೊಗೆಯನ್ನು ಶುದ್ಧ ಮಾಡುವ ಡಬ್ಬಿಯೊಂದನ್ನೂ ಅಲ್ಲೇ ಸೇರಿಸಿದ್ದರು. ಕಾರು ಮಾರುವವರನ್ನೆಲ್ಲ ಬೆಂಗಳೂರಿನ ಹೋಟೆಲಿಗೆ ಕರೆಸಿ, ಬಿಟ್ಟುಹೋದ ಗಿರಾಕಿಗಳನ್ನು ಮರಳಿ ಕರೆತನ್ನಿ, ಹಳೆಯ ಕಾರು ಕೊಟ್ಟು ಹೊಸದು ಒಯ್ಯಲಿ ಎಂದು ಹೇಳಿ, ಒಳ್ಳೆಯ ಊಟ ಹಾಕಿ ಕಳಿಸಿದರು.

ಮರಳಿ ಬರುವವರು ಯಾರು? ನಾಗಮಂಗಲದ ವಕೀಲರು ಗೇಟನ್ನೇ ತೆಗೆಯಲಿಲ್ಲ. ಬೆಳ್ಳೂರು ಕ್ರಾಸಿನ ಹೋಟೆಲಿನವರು ಮರ್ಯಾದೆಯಾಗಿ ಕಾಫಿ ಕೊಟ್ಟು, ಗಲ್ಲಾದ ಮುಂದೆ ಕೂತಿದ್ದವರಿಗೆಲ್ಲ ಕೇಳುವಂತೆ ಹಳೆಯ ಕಾರಿನ ಕಥೆ ಹೇಳಿ ನಗಿಸಿದರು. ಮಹದೇವಸ್ವಾಮಿ ಅವರ ಜೊತೆ ತಾನೂ ನಕ್ಕು ಎದ್ದು ಬಂದ. ಮ್ಯಾನೇಜರು ಈಚೆಗೆ ಅವನನ್ನು ಕಂಡರೆ ಬೇರೆ ಕಡೆ ತಿರುಗುತ್ತಿದ್ದರು. ಕೆಲಸ ಹೋದರೆ ಇನ್ನೊಂದು ನೋಡಿಕೊಂಡಾನು. ಅವನಿಗೆ ಬೇಕಾಗಿದ್ದುದು ಒಂದೇ, ಮಾವ ಈ ಕಾರನ್ನು ಒಪ್ಪಬೇಕು, ಅವ್ವನನ್ನು ಮನೆಯೊಳಗೆ ಕರೆಯಬೇಕು.

ಷೋರೂಮಿನ ಹೊಸ ಕಾರು ತಂದು ತೋರಿಸುತ್ತೇನೆಂದು ಫೋನು ಮಾಡಿದಾಗ ಮಾವ, ತರುವುದಾದರೆ ತಾ ನೋಡೋಣ, ನಾನೇನೂ ಕರೆಯಲಿಲ್ಲ ಎಂದಿದ್ದ. ಅವ್ವನನ್ನೂ ತರುತ್ತೇನೆಂದು ಇವನು ಹೇಳಿರಲಿಲ್ಲ. ಕರೆಯದ ಮನೆಗೆ ಹೋಗಬೇಡ ಎಂದು ಅಪ್ಪ ಮಂಚಯ್ಯ ತಡೆದ. ಚಲುವಮ್ಮ ಕೇಳಿಸಿಕೊಳ್ಳದವಳಂತೆ ತಲೆ ಬಾಚಿಕೊಂಡು, ಹೂ ಮುಡಿದು, ಸಂಕ್ರಾಂತಿಯಲ್ಲಿ ಎತ್ತಿಟ್ಟಿದ್ದ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ಎಲ್ಲ ಚೀಲಕ್ಕೆ ತುಂಬಿಕೊಂಡು ಕಾರು ಹತ್ತಿದ್ದಳು.

ಹೊನ್ನಪ್ಪ ಆಲೆಮನೆಯ ಮುಂದೆ ನಿಂತಿದ್ದ. ಮೊದಲು ಕಾರು ನೋಡಿದ, ಆಮೇಲೆ ಅದರಿಂದಿಳಿದ ತಂಗಿಯನ್ನು ನೋಡಿದ. ಚೆನ್ನಾಗಿದ್ದೀಯಾ ಅಂದ, ಹೂಂ ಅಂದಳು. ಅಷ್ಟೇ. ರಸ್ತೆಯಾಚೆ ಮನೆಯ ಜಗುಲಿಯ ಮೇಲೆ ಅವನ ಹೆಂಡತಿ ಪುಟ್ಟಗೌರಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದವಳು ಕೆಳಗಿಳಿಯಲಿಲ್ಲ. ಗಂಡ ಕರೆಯದೆ ತಾನು ಹೇಗೆ ಕರೆಯುವುದು ಎಂಬ ಸಂಕಟ ಅವಳ ಮುಖದಲ್ಲೇ ಕಾಣುತ್ತಿತ್ತು. ಹೊನ್ನಪ್ಪ ಪಂಚೆ ಎತ್ತಿ ಕಟ್ಟಿ ಕಾರಿನ ಮುಂದಿನ ಸೀಟಿನಲ್ಲಿ ಕೂತ. ಬಿಸಿಲಲ್ಲಿ ನಿಂತು ಏನು ಮಾಡುವುದೆಂದು ಚಲುವಮ್ಮನೂ ಹಿಂದೆ ಕೂತಳು.

ಊರಿನಾಚೆ ಒಂದು ಸುತ್ತು ಹೊಡೆದರು. ಪ್ರತಿ ಉಬ್ಬು ಬಂದಾಗಲೂ ಮಾವ ಆ ಕರ್ರೆನ್ನುವ ಸದ್ದಿಗಾಗಿ ಮೈ ಬಿಗಿ ಹಿಡಿದು ಕಾಯುತ್ತಿದ್ದುದು ಮಹದೇವಸ್ವಾಮಿಗೆ ಗೊತ್ತಾಗುತ್ತಿತ್ತು. ಸದ್ದು ಬರಲಿಲ್ಲ. ಕಾಲುವೆಯ ಸೇತುವೆ ಹತ್ತಿ ಇಳಿದರು, ಗಾಡಿಯ ಚಕ್ರ ಕೊರೆದ ಹಳ್ಳದಲ್ಲೂ ಇಳಿಸಿ ಹತ್ತಿಸಿದರು. ಏನೂ ತಾಕಲಿಲ್ಲ. ಮಾವನ ಹೆಗಲು ಸಡಿಲವಾಯಿತು.

ವಾಪಸು ಬರುವಾಗ ಆಲೆಮನೆಯ ಮುಂದೆ ರಸ್ತೆಯ ತುಂಬ ಹುರುಳಿ ಗಿಡ ಹರವಿದ್ದರು. ಸಂಕ್ರಾಂತಿ ಕಳೆದ ಮೇಲೆ ಆ ಸೀಮೆಯಲ್ಲಿ ಟಾರು ರಸ್ತೆಯೇ ಕಣ. ಒಣಗಿದ ಗಿಡವನ್ನು ಹಾಸಿಬಿಟ್ಟರೆ ಬರುವ ಹೋಗುವ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸುತ್ತವೆ. ಆಳು ಚಿಕ್ಕಸ್ವಾಮಿ ಕವೆಗೋಲು ಹಿಡಿದು ಗಿಡ ಮಗುಚುತ್ತಿದ್ದ. ಹಳೆಯ ಕಾರು ಇಂಥ ಕಡೆ ಹುರುಳಿಯನ್ನು ಕಸಬರಿಕೆಯಂತೆ ಮುಂದಕ್ಕೆ ಗುಡಿಸಿಕೊಂಡು ಹೋಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು, ಊರವರು ನಗುತ್ತಿದ್ದರು. ಮಹದೇವಸ್ವಾಮಿ ಬ್ರೇಕು ಒತ್ತಿದ.

"ಯಾಕ್ಲಾ ನಿಲ್ಲಿಸ್ದೆ? ಅತ್ಸು. ನಮ್ದೇ ಉಳ್ಳಿ," ಎಂದ ಹೊನ್ನಪ್ಪ.

ಹತ್ತಿಸಿದ. ಕಾರು ಸರಸರನೆ ಹುರುಳಿಯ ಮೇಲೆ ಹಾಯ್ದು ಆ ತುದಿಗೆ ಹೋಗಿ ನಿಂತಿತು. ಹೊನ್ನಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದ. ಹುರುಳಿ ಹಾಸಿದ ಹಾಗೆಯೇ ಇತ್ತು. ತಿರುಗಿಸು ಅಂದ. ಮತ್ತೆ ಹಾಯ್ದರು. ಮತ್ತೆ ತಿರುಗಿಸು ಅಂದ. ಚಿಕ್ಕಸ್ವಾಮಿಗೆ ಇನ್ನಷ್ಟು ಗಿಡ ಎಳೆದು ಹಾಕಲು ಹೇಳಿದ. ನೋಡುತ್ತಾ ನೋಡುತ್ತಾ ಅವನಿಗೆ ಹುರುಪು ಬಂದುಬಿಟ್ಟಿತು. ಆಲೆಮನೆಯ ಆಳುಗಳೂ ಹೊರಗೆ ಬಂದು ನಿಂತರು. ಅವರೆದುರು ತನ್ನ ಕಾರು ಗೆದ್ದಂತೆ ಹೊನ್ನಪ್ಪ ಬಾಯಿತುಂಬ ನಕ್ಕ. ಟ್ರಾಕ್ಟರಿಗಿಂತ ಚೆನ್ನಾಗಿ ತುಳಿಯುತ್ತದಲ್ಲೋ ನಿನ್ನ ಅಮೆರಿಕದ್ದು ಎಂದು ಅಳಿಯನ ತೊಡೆಗೆ ಹೊಡೆದ.

ಆಮೇಲೆ ಹಿಂದಕ್ಕೆ ತಿರುಗಿ ತಂಗಿಯನ್ನು ಮಾತಾಡಿಸಿದ. ಚಿಕ್ಕಂದಿನಲ್ಲಿ ಕಣದಲ್ಲಿ ಕಾಳು ತುಳಿಸುವ ರೋಣುಗಲ್ಲು ಎಳೆಯುವ ಎತ್ತಿನ ಹಿಂದೆ ಅವಳು ಸುತ್ತಿ ಸುತ್ತಿ ತಲೆ ತಿರುಗಿ ಬಿದ್ದದ್ದು ನೆನಪಿದೆಯಾ ಅಂದ. ಬಿದ್ದವಳು ನಾನಲ್ಲ ನೀನು ಅಂದಳು ಚಲುವಮ್ಮ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮನೆಯ ಮುಂದೆ ಬಂದಾಗ ಹೊನ್ನಪ್ಪ ಜಗುಲಿಯ ಕಡೆ ಕೈ ಬೀಸಿದ.

"ಲೇ, ಚಲುವಿ ಬಂದವ್ಳೆ. ಎಲೆ ಆಕು."

ಪುಟ್ಟಗೌರಮ್ಮ ಎರಡನೆಯ ಮಾತಿಗೆ ಕಾಯದೆ ಒಳಗೆ ಓಡಿದಳು. ಅವಳು ಎಲೆ ಹಾಕುವಷ್ಟರಲ್ಲಿ ಇನ್ನೊಂದು ಸುತ್ತು ಹೊಡೆ ಅಂದ ಹೊನ್ನಪ್ಪ.

ವಾಸನೆ ಮಹದೇವಸ್ವಾಮಿಯ ಮೂಗಿಗೆ ಬಡಿದದ್ದು ಆಗಲೇ. ಒಣಗಿದ ಸೊಪ್ಪು ಕಮರುವ ವಾಸನೆ. ಆಲೆಮನೆಯ ಒಲೆಗೆ ರಸ ಹಿಂಡಿದ ಕಬ್ಬಿನ ರಚ್ಚು ಹಾಕಿದ್ದಾರೆ, ಅದರದ್ದೇ ಇರಬೇಕು ಅಂದುಕೊಂಡ. ಅಲ್ಲವೆಂದು ಅವನಿಗೆ ಗೊತ್ತಿತ್ತು. ಕೆಳಗಿನ ಆ ಡಬ್ಬಿ ಓಡುತ್ತಾ ಓಡುತ್ತಾ ಕೆಂಡವಾಗುತ್ತದೆ, ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡ ಎಂದು ಷೋರೂಮಿನ ಮೆಕ್ಯಾನಿಕ್ಕು ಹೇಳಿದ್ದ. ಕಲ್ಲು ತಾಕದಿರಲೆಂದು ಕೂರಿಸಿದ ತಗಡಿನ ಸಂದಿಯಲ್ಲಿ ಅಷ್ಟು ಹೊತ್ತಿಗೆ ಹುರುಳಿ ಸೊಪ್ಪು ಹೊರೆಯಾಗಿ ತುಂಬಿಕೊಂಡಿರಬೇಕು. ನಿಲ್ಲಿಸಿ ನೋಡಬೇಕಿತ್ತು. ಆದರೆ ನಿಲ್ಲಿಸುವುದು ಹೇಗೆ? ಮಾವ ನಗುತ್ತಿದ್ದಾನೆ. ಅವ್ವ ನಗುತ್ತಿದ್ದಾಳೆ. ಈಗ ಇಳಿದು ಕಾರಿನಡಿ ತಲೆ ತೂರಿಸಿದರೆ ಮಾವ ಏನೆಂದುಕೊಂಡಾನು? ಇದೊಂದು ಸುತ್ತು ಮುಗಿಯಲಿ, ಊಟಕ್ಕೆ ಒಳಗೆ ಹೋದ ಮೇಲೆ ನೋಡಿದರಾಯಿತು ಎಂದು ಮತ್ತೆ ತಿರುಗಿಸಿದ.

"ಮಾದೇವ, ಕಾಲು ಸುಡ್ತದೆ ಕಣ್ಲಾ," ಎಂದಳು ಚಲುವಮ್ಮ.

ಗಾಬರಿಯಲ್ಲಿ ಅವನು ಬ್ರೇಕು ತುಳಿದದ್ದು ಹುರುಳಿಯ ನಟ್ಟನಡುವೆ. ನಿಂತ ಕೂಡಲೇ ಕೆಳಗಿನಿಂದ ದಟ್ಟ ಹೊಗೆ ಎದ್ದು ಗಾಜು ಮುಚ್ಚಿತು. ಹೊನ್ನಪ್ಪ ಹಾರಿಕೊಂಡು ಇಳಿದವನೇ ಹಿಂದಿನ ಬಾಗಿಲು ಕಿತ್ತು ತೆಗೆದು ತಂಗಿಯನ್ನು ರಟ್ಟೆ ಹಿಡಿದು ಎಳೆದುಕೊಂಡ. ಅವಳ ಚೀಲ ಒಳಗೇ ಉಳಿಯಿತು. ಬೆಂಕಿ ಕಾರಿನ ಹೊಟ್ಟೆಯಿಂದ ಹುರುಳಿಗೆ ಇಳಿದು, ಹುರುಳಿಯಿಂದ ಮತ್ತೆ ಕಾರಿಗೆ ಏರಿತು. ಆಳುಗಳು ಕವೆಗೋಲಿನಿಂದ ಸಿಕ್ಕಷ್ಟು ಗಿಡವನ್ನು ದೂರಕ್ಕೆ ಎಳೆದರು, ಆಲೆಮನೆಯಿಂದ ಕೊಡ, ತಪ್ಪಲೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ತಂದು ಸುರಿದರು. ಮೆತ್ತನೆಯ ಸೀಟುಗಳು ಕಪ್ಪು ಹೊಗೆ ಕಾರುತ್ತಾ ಉರಿದವು, ಗಾಜುಗಳು ಟಪ್ ಟಪ್ ಎಂದು ಸಿಡಿದವು. ಮಹದೇವಸ್ವಾಮಿ ಒಂದು ಬಿಂದಿಗೆ ಹಿಡಿದು ಓಡಾಡಿದ. ಅದರಲ್ಲಿ ನೀರಿತ್ತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

ಬೆಂಕಿ ತಗ್ಗುವ ಹೊತ್ತಿಗೆ ಊರಿಗೆ ಊರೇ ಸೇರಿತ್ತು. ಯಾರಿಗೂ ಏನೂ ಆಗಿಲ್ಲವೆಂದು ತಿಳಿದ ಮೇಲೆ ಜನಕ್ಕೆ ಧೈರ್ಯ ಬಂತು, ಧೈರ್ಯದ ಜೊತೆಗೆ ಬಾಯಿಯೂ ಬಂತು. ಸಂಕ್ರಾಂತೀಲಿ ಹಸುಕರಕ್ಕೆ ಮಾಡಿಸುವುದನ್ನು ಹೊನ್ನಪ್ಪ ಈ ಸಲ ಅಮೆರಿಕದ ಕಾರಿಗೂ ಮಾಡಿಸಿಬಿಟ್ಟ, ಕಿಚ್ಚು ಹಾಯಿಸಿಬಿಟ್ಟ ಎಂದು ಗುಂಪಿನಲ್ಲಿ ಯಾರೋ ಅಂದರು. ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ನಗು ಬಂತು, ನಕ್ಕರು. ಹೊನ್ನಪ್ಪ ಅದುವರೆಗೂ ತಂಗಿಯ ಕೈ ಹಿಡಿದೇ ನಿಂತಿದ್ದ. ಆ ನಗು ಕೇಳಿ ಅವನ ಮುಖ ಛತ್ರದ ದಿನದ ಮುಖವಾಯಿತು. ಕೈ ಬಿಟ್ಟ.

"ಸಂಜೆ ಬಸ್ಸು ಬರೋ ಒತ್ತಾಯ್ತು ಕನ ಚಲುವಿ," ಎಂದ. "ಇಲ್ಲೇ ನಿಂತ್ಕಂಡ್ರೆ ಸಿಕ್ತದೆ."

"ಅಣ್ಣಯ್ಯ, ಅತ್ತಿಗೆ ಎಲೆ ಆಕವ್ಳೆ."

ಹೊನ್ನಪ್ಪ ಹುರುಳಿಯ ಕಡೆ ತಿರುಗಿದ. ಪುಟ್ಟಗೌರಮ್ಮ ಜಗುಲಿಯ ಕಂಬಕ್ಕೆ ಒರಗಿ ನಿಂತು ಅತ್ತಳು, ಇಳಿದು ಬರಲಿಲ್ಲ. ಮಹದೇವಸ್ವಾಮಿ ಮಾವನ ಮುಂದೆ ಹೋಗಿ ತಪ್ಪೆಲ್ಲ ನನ್ನದು, ಅವ್ವನದೇನೂ ಇಲ್ಲ ಅಂದ. ವಾಸನೆ ಬಂದರೂ ನಿಲ್ಲಿಸಲಿಲ್ಲ ಎಂದೂ ಹೇಳಲು ಬಾಯಿ ತೆರೆದ. ಮಾವ ಅಷ್ಟರಲ್ಲಾಗಲೇ ಅವನನ್ನು ದಾಟಿ ಹೋಗಿ ಚಿಕ್ಕಸ್ವಾಮಿಯ ಕೈಯಿಂದ ಕವೆಗೋಲು ಇಸಿದುಕೊಂಡಿದ್ದ. ಸುಡದೆ ಉಳಿದ ಗಿಡವನ್ನು ಕರಕಲಿನಿಂದ ಬಿಡಿಸಿ ಬಿಡಿಸಿ, ಸುಟ್ಟ ಕಾರಿನಿಂದಾಚೆಗೆ, ರಸ್ತೆಯ ಮೇಲೆ ತಾನೇ ಹರವತೊಡಗಿದ. ಹಾಗೆ ಬಗ್ಗಿ ಕೆಲಸ ಮಾಡಿ ಅವನಿಗೆ ಎಷ್ಟು ವರ್ಷವಾಗಿತ್ತೋ, ನಡುನಡುವೆ ಸೊಂಟ ಹಿಡಿದುಕೊಳ್ಳುತ್ತಿದ್ದ.

ಬಸ್ಸು ಬಂತು. ಡ್ರೈವರು ಕಾರನ್ನು ನೋಡಿ ಬೆರಗಾಗಿ ಕತ್ತು ಹೊರಗೆ ಹಾಕಿದ. ಷೋರೂಮಿನವರು ಬರುವ ತನಕ ಮಹದೇವಸ್ವಾಮಿ ಅಲ್ಲೇ ಇರಬೇಕಿತ್ತು. ಅವ್ವನನ್ನು ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದ. ಅವಳು ಸರಳುಗಳ ನಡುವೆ ಮುಖವಿಟ್ಟು ಮುಂದಕ್ಕೆ ನೋಡಿದಳು.

ಹೊನ್ನಪ್ಪ ರಸ್ತೆಯ ಅಂಚಿಗೆ ಸರಿದು ಬಸ್ಸಿಗೆ ದಾರಿ ಬಿಟ್ಟ. ಬಸ್ಸು ಸುಟ್ಟ ಕಾರನ್ನು ಬಳಸಿಕೊಂಡು ಅವನ ಮಗ್ಗುಲಲ್ಲೇ ನಿಧಾನವಾಗಿ ಹಾಯಿತು. ಚಲುವಮ್ಮ ಕಿಟಕಿಯಲ್ಲಿ ಅವನ ಎದುರಿಗೇ ಬಂದಳು, ಕೈ ಚಾಚಿದ್ದರೆ ಅವನ ತಲೆಯ ಟವಲು ಸಿಗುತ್ತಿತ್ತು. ಅವನು ಕತ್ತೆತ್ತಲಿಲ್ಲ. ಹುರುಳಿಯ ಮೇಲೆ ಉರುಳುತ್ತಿದ್ದ ಚಕ್ರಗಳನ್ನೇ ನೋಡುತ್ತಿದ್ದ. ಹಿಂದಿನ ಚಕ್ರವೂ ದಾಟಿದ ಮೇಲೆ ರಸ್ತೆಗಿಳಿದು ಗಿಡವನ್ನು ಮಗುಚಿ ಹಾಕಿದ.