ಚೆಫಾಲುವಿನ ತವರು

ಹೆಣದ ಮೇಲಿನ ಬಿಳಿ ಹೊದಿಕೆಯನ್ನು ಸೋದರತ್ತೆ ಚಂದವ್ವ ಎಳೆಯುತ್ತಿದ್ದಂತೆ ಮಲ್ಲಿಕಾ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದಳು.

“ಬಿಡ ಮಲ್ಲಿ. ಮುತ್ತೈದಿಗಿ ಬಿಳೀದು ಹೊಚ್ಚತಾರೇನು? ತವರಮನಿ ಸೀರಿ ಬರ್ಲಾರ್ದ ಹೆಣಾ ಎತ್ತಬಾರ್ದು.”

“ಇದೂ ಮಮ್ಮಿಯ ತವರಿನದೇ, ಅತ್ತಿ.”

“ಯಾವ ತವರು? ಅಕಿ ಅಣ್ಣ ಇಲ್ಲೇ ಸಾನಪಾಡಾದಾಗ ಹೋಟೆಲ್ ಇಟ್ಕೊಂಡು ಕುಂತಾನ. ಬಂದನೇನು?”

ಬಂದಿರಲಿಲ್ಲ. ತೀರಿಕೊಂಡ ಬಾಗಿ ಮಲ್ಪೆಯ ಮೀನುಗಾರರ ಮನೆಯವಳು. ಅಣ್ಣ ಗುರುವಪ್ಪನ ಹೋಟೆಲಿಗೆ ಕೈನೆರವಿಗೆಂದು ಬಂದವಳು, ಅಲ್ಲಿ ಊಟಕ್ಕೆ ಬರುತ್ತಿದ್ದ ಕಲಬುರಗಿ ಕಡೆಯ ಮಾಪಣ್ಣನನ್ನು ಮದುವೆಯಾದಳು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಮಾಡುವವನು. ಮಾತು ಬೇರೆ, ಜಾತಿ ಬೇರೆ. ‘ನನಗೆ ತಂಗಿಯೇ ಇಲ್ಲ’ ಎಂದ ಗುರುವಪ್ಪ, ಅಂದಿನಿಂದ ಆ ಮಾತನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದ. ಬೆಳಗ್ಗೆ ಮಾಪಣ್ಣ ತಾನಾಗಿಯೇ ಫೋನ್ ಮಾಡಿದ್ದ. ಆ ಕಡೆಯಿಂದ ‘ಹೂಂ’ ಎಂದಷ್ಟೇ ಕೇಳಿ ಕಟ್ಟಾಗಿತ್ತು.

ತವರಿಲ್ಲದವಳು ಎಂದು ಹೆಂಡತಿ ಬದುಕಿನುದ್ದಕ್ಕೂ ಅನ್ನಿಸಿಕೊಂಡಿದ್ದಳು. ಹೋಗುವಾಗಲೂ ಹಾಗೆಯೇ ಹೋಗಬೇಕೇ ಎಂಬುದೊಂದೇ ಮಾಪಣ್ಣನ ಸಂಕಟ.

“ಆ ಹೊದಿಕಿ ಎಲ್ಲಿಂದು ಅಂತ ಹೇಳವ್ವಾ ನಿಮ್ಮತ್ತಿಗಿ,” ಎಂದ ಮಗಳಿಗೆ.

*

ಬಾಗಿ ವಾಶಿಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳು. ಇಟಲಿಯಲ್ಲಿದ್ದ ಮುದುಕಿಯ ಮಗಳು ಚೆಫಾಲು ಎಂಬ ಕಡಲೂರಿನಲ್ಲಿ ಒಂದು ತಿಂಗಳು ಮನೆ ಹಿಡಿದು ತಾಯಿಯನ್ನು ಕರೆಸಿಕೊಂಡಾಗ, ಗಾಲಿಕುರ್ಚಿ ತಳ್ಳಲು ಬಾಗಿಯೂ ಹೋದಳು. ಪ್ರವಾಸಿಗಳು ಬಹುತೇಕ ಖಾಲಿಯಾದ ಕಾಲ. ದೊಡ್ಡ ಬಂಡೆಯ ಕೆಳಗೆ ಕಲ್ಲಿನ ಹಳೆಯ ಊರು, ಶತಮಾನಗಳ ಇಗರ್ಜಿ, ಮನೆಗಳ ಬುಡಕ್ಕೇ ಬಂದು ಮುಟ್ಟುವ ಸಮುದ್ರ. ಮಾರ್ಕೆಟ್ಟಿನ ಪಕ್ಕದ ಮನೆಯಲ್ಲಿ ಹಗಲಿಡೀ ಕಬ್ಬಿಣ ಕಿರುಚುವುದನ್ನೇ ಕೇಳಿದ್ದವಳಿಗೆ ಅಲ್ಲಿ ಬರೀ ಅಲೆಯ ಸದ್ದು ಕೇಳಿ ಅಳು ಬಂತಂತೆ. “ಮಲ್ಪೆಯೇ ಮಾರಾಯ್ತಿ, ಮೀನಿನ ಜಾತಿ ಮಾತ್ರ ಬೇರೆ,” ಎಂದು ಮಗಳಿಗೆ ಫೋನಿನಲ್ಲಿ ಹೇಳಿದ್ದಳು.

ಓಣಿಯೊಂದರಲ್ಲಿ ಮೆಟ್ಟಿಲಿಳಿದರೆ ಕಲ್ಲಿನ ತೊಟ್ಟಿಗಳ ಸಾಲು, ಹರಿಯುವ ತಣ್ಣೀರು. ಹಿಂದಿನ ಕಾಲದ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಜಾಗ. ಈಗ ನೋಡಲಿಕ್ಕೆ ಮಾತ್ರ. ಬಾಗಿಗೆ ಅದನ್ನು ಯಾರು ಹೇಳಬೇಕು? ಒಗೆಯುವ ಕಲ್ಲು ಇದ್ದ ಮೇಲೆ ಒಗೆಯದೆ ಬಿಡುವುದುಂಟೇ? ಮುದುಕಿಯ ಸೀರೆಗಳ ಗಂಟು, ಸಾಬೂನು ಸಮೇತ ಇಳಿದು ಪಟಪಟನೆ ಬಡಿಯತೊಡಗಿದಳು. ಫೋಟೋ ತೆಗೆಯಲು ಬಂದವರು ಇವಳನ್ನೇ ತೆಗೆದರು. ಕಾವಲಿನವನೊಬ್ಬ ಗದರಿಸುತ್ತ ಓಡಿ ಬಂದ. ಅಷ್ಟರಲ್ಲಿ ಪಕ್ಕದ ಮನೆಯ ರೊಸಾರಿಯಾ ಎಂಬ ಅಜ್ಜಿ ಮೆಟ್ಟಿಲಿಳಿದು ಬಂದು ಅವನಿಗೇ ಬೈದು, ಸೀರೆಯ ಒಂದು ತುದಿ ಹಿಡಿದು ಬಾಗಿಯೊಂದಿಗೆ ಹಿಂಡಲು ನಿಂತಳು. ತನ್ನ ತಾಯಿ ಅದೇ ಕಲ್ಲಿನ ಮೇಲೆ ಒಗೆಯುತ್ತಿದ್ದಳೆಂದು ಕೈಸನ್ನೆಯಲ್ಲೇ ಹೇಳಿದಳು.

ಆಮೇಲೆ ದಿನಾ ಸಂಜೆ ಇಬ್ಬರೂ ಕಡಲ ಬದಿಯ ಕಟ್ಟೆಯ ಮೇಲೆ. ಒಬ್ಬಳದು ತುಳು, ಇನ್ನೊಬ್ಬಳದು ಇಟಲಿಯ ಮಾತು. ಹೊರಡುವ ದಿನ ರೊಸಾರಿಯಾ, ತನ್ನ ಮದುವೆಗೆ ತಾಯಿ ಕಸೂತಿ ಹಾಕಿ ಕೊಟ್ಟಿದ್ದ ಹೊದಿಕೆಯನ್ನು ತಂದು ಬಾಗಿಯ ಮಡಿಲಿಗಿಟ್ಟಳು. ಹೆಣ್ಣನ್ನು ಬರಿಗೈಯಲ್ಲಿ ಕಳಿಸಬಾರದೆಂದು ಆ ಊರಿನಲ್ಲೂ ಗೊತ್ತಿತ್ತೋ ಏನೋ.

*

ಕತೆ ಕೇಳಿದ ಚಂದವ್ವ ಎದ್ದಳು. ಒಳಗೆ ಹೋಗಿ ಅರಿಶಿನ ಕಲಸಿ ತಂದು ಹೊದಿಕೆಯ ನಾಲ್ಕೂ ಮೂಲೆಗೆ ತಾನೇ ಹಚ್ಚಿದಳು.

“ತವರು ಬಂತು. ಏಳ್ರಿ, ಎತ್ರಿ ಇನ್ನ.”

ಹೊರಗೆ ಶವವಾಹನದ ಡ್ರೈವರ್ “ಚಲಾ, ಲವಕರ್” ಎಂದು ಅವಸರಿಸುತ್ತಿದ್ದ. ಚಟ್ಟಕ್ಕೆ ಕೈ ಹಾಕುವಷ್ಟರಲ್ಲಿ ರಿಕ್ಷಾದಿಂದ ಒಬ್ಬ ಮುದುಕ ಇಳಿದ. ಮಲ್ಲಿಕಾ ತನ್ನ ಸೋದರಮಾವ ಗುರುವಪ್ಪನನ್ನು ಕಂಡದ್ದು ಅದೇ ಮೊದಲು. ಕೈಯಲ್ಲಿ ಅಂಗಡಿಯ ಚೀಲ, ಅದರಲ್ಲಿ ಹಸಿರು ಸೀರೆ.

“ಸ್ವಲ್ಪ ನಿಲ್ಲಿ ಮಾರಾಯ್ರೆ,” ಎಂದು ಏದುಸಿರು ಬಿಟ್ಟ. “ಅಂಗಡಿಯವ ಬಾಗಿಲು ತೆಗೆಯುವಾಗ ತಡ ಆಯ್ತು.” ಆಮೇಲೆ ಹೊದಿಕೆ ಕಂಡಿತು. “ಇದು ಯಾರು ಹಾಕಿದ್ದು?”

“ಮಮ್ಮಿಯ ತವರಿನವರು, ಮಾಮಾ.”

ಗುರುವಪ್ಪನಿಗೆ ಏನೂ ಅರ್ಥವಾಗಲಿಲ್ಲ. ಮಾತಿನ ಏಟು ಮಾತ್ರ ಬೀಳಬೇಕಾದಲ್ಲೇ ಬಿತ್ತು. ಸೀರೆ ಹಿಡಿದು ನಿಂತೇ ಇದ್ದ.

ಮಾಪಣ್ಣ ಬಗ್ಗಿ, ಕಾಲ ಕಡೆಯ ಹೊದಿಕೆಯ ತುದಿ ಎತ್ತಿದ. “ಕಾಲಿಗಿ ಹೊಚ್ಚರಿ. ತಣ್ಣಗಾಗ್ಯಾವ.”

ಗುರುವಪ್ಪ ಮಂಡಿಯೂರಿದ. ಹೊಸ ಸೀರೆಯ ಮಡಿಕೆಗಳಿಗೆ ಅಂಗಡಿಯವರು ಗುಂಡುಪಿನ್ನು ಚುಚ್ಚಿದ್ದರು. ತಂಗಿಯ ಕಾಲಿಗೆ ತಾಗದಿರಲೆಂದು ಒಂದೊಂದನ್ನೇ ಕಿತ್ತು ತುಟಿಗಳ ನಡುವೆ ಹಿಡಿದುಕೊಂಡ. ಡ್ರೈವರ್ ಹಾರ್ನ್ ಹೊಡೆದ. ಮಾಪಣ್ಣ ಹೊದಿಕೆಯ ತುದಿಯನ್ನು ಎತ್ತಿ ಹಿಡಿದೇ ಇದ್ದ.